ಇ2 ಸರಿಯಿದ್ದರೆ ಸಾಲದು, ಎಲ್‌ಎಚ್ ಸಾಲನ್ನೂ ಓದಿ

ಜಿಮ್ ಹುಡುಗರು ಮೊದಲೆಲ್ಲ ನಮ್ಮ ಲ್ಯಾಬ್‌ಗೆ ಬಂದರೆ ಗಂಡಸಿನ ಮುಖ್ಯ ಹಾರ್ಮೋನು ಟೆಸ್ಟೋಸ್ಟೆರಾನ್ ಎಷ್ಟಿದೆ ನೋಡಿ ಅನ್ನುತ್ತಿದ್ದರು. ಈಗ ಕೌಂಟರ್ ಹತ್ತಿರ ನಿಂತು, ಪಕ್ಕದವರಿಗೆ ಕೇಳಿಸದ ಹಾಗೆ, "ಅಣ್ಣಾ, ಇ2 ಮಾಡ್ತೀರಾ? ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ಇ2 ಅಂದರೆ ಎಸ್ಟ್ರಡಯಾಲ್, ಎಸ್ಟ್ರೋಜನ್‌ಗಳಲ್ಲಿ ಮುಖ್ಯವಾದದ್ದು. ಡಾಕ್ಟರ್ ಚೀಟಿ ಇರುವುದಿಲ್ಲ. ಇಪ್ಪತ್ತೆರಡರ ಹುಡುಗ ಚೀಟಿ ಇಲ್ಲದೆ ಬಂದು ಇ2 ಕೇಳಿದ ಅಂದರೆ, ಹೆಚ್ಚಿನ ಸಲ ಅವನು ಸ್ಟೀರಾಯ್ಡ್ (ಸ್ನಾಯು ಬೆಳೆಸಲು ತಗೊಳ್ಳುವ ಟೆಸ್ಟೋಸ್ಟೆರಾನ್ ಅಥವಾ ಅದರ ಜಾತಿಯ ಔಷಧಿ) ಕೋರ್ಸ್ ಮಾಡುತ್ತಿದ್ದಾನೆ, ಯಾರೋ ಸೀನಿಯರ್ "ಎಸ್ಟ್ರೋಜನ್ ಕಂಟ್ರೋಲ್‌ನಲ್ಲಿ ಇಟ್ಕೋ ಮಗಾ, ಇಲ್ಲಾಂದ್ರೆ ಗೈನೋ ಬರುತ್ತೆ" ಅಂತ ಹೇಳಿ ಕಳಿಸಿದ್ದಾನೆ ಅಂತ ಅರ್ಥ. ಗೈನೋ ಅಂದರೆ ಗಂಡಸಿನ ಎದೆ ಹೆಂಗಸರ ಹಾಗೆ ಬೆಳೆಯುವುದು.

ನಾನು ಲ್ಯಾಬ್ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಆದರೆ ಇಂಥ ರಿಪೋರ್ಟ್‌ಗಳನ್ನು ದಿನವೂ ನೋಡುವವನು, ಸಂಜೆ ನಾನೂ ಜಿಮ್‌ಗೆ ಹೋಗುವವನು. ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತದೆ. ದಸರಾ ದೇಹದಾರ್ಢ್ಯ ಸ್ಪರ್ಧೆ ಹತ್ತಿರ ಬಂದಾಗಂತೂ ಡ್ರೆಸ್ಸಿಂಗ್ ರೂಮಿನಲ್ಲಿ ಇದೇ ಮಾತು. ಸ್ಟೀರಾಯ್ಡ್ ತಗೊಂಡರೆ ಏನೂ ಆಗಲ್ಲ, ಟೆಸ್ಟೋಸ್ಟೆರಾನ್ ಮೇಲಿರಬೇಕು, ಎಸ್ಟ್ರೋಜನ್ ಕೆಳಗಿರಬೇಕು, ಅಷ್ಟು ಬ್ಯಾಲೆನ್ಸ್ ಮಾಡಿಕೊಂಡರೆ ಸೇಫ್ ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಈ ನಂಬಿಕೆ ತಪ್ಪು. ಯಾಕೆ ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಎಸ್ಟ್ರೋಜನ್ ಎಲ್ಲಿಂದ ಬರುತ್ತದೆ ಅನ್ನೋದು. ಅದು ಹೆಂಗಸರ ಹಾರ್ಮೋನು, ಗಂಡಸಿಗೆ ಹೊರಗಿಂದ ಬಂದು ಸೇರಿಕೊಂಡಿದೆ ಅನ್ನೋ ಹಾಗೆ ಮಾತಾಡುತ್ತಾರೆ ಅಲ್ವಾ? ಹಾಗಲ್ಲ. ಗಂಡಸಿನ ಎಸ್ಟ್ರಡಯಾಲ್ ತಯಾರಾಗುವುದೇ ಟೆಸ್ಟೋಸ್ಟೆರಾನ್‌ನಿಂದ. ಅರೋಮಟೇಸ್ ಅಂತ ಒಂದು ಕಿಣ್ವ ಇದೆ. ಕೊಬ್ಬಿನಲ್ಲಿ, ಮೂಳೆಯಲ್ಲಿ, ಮೆದುಳಿನಲ್ಲಿ, ವೃಷಣದಲ್ಲಿ ಎಲ್ಲ ಕಡೆ ಇರುತ್ತದೆ. ಅದು ಟೆಸ್ಟೋಸ್ಟೆರಾನ್‌ನ ಒಂದು ಚಿಕ್ಕ ಪಾಲನ್ನು ಎಸ್ಟ್ರಡಯಾಲ್ ಆಗಿ ಬದಲಾಯಿಸುತ್ತದೆ. ಹಾಗಾಗಿ ಹೊರಗಿಂದ ಜಾಸ್ತಿ ಟೆಸ್ಟೋಸ್ಟೆರಾನ್ ಚುಚ್ಚಿದರೆ ಎಸ್ಟ್ರಡಯಾಲ್ ಕೂಡ ಏರುತ್ತದೆ. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದವರಿಗೆ ಇನ್ನೂ ಏರುತ್ತದೆ. ಇನ್ನೊಂದು ಪಾಲು ಬೇರೆ ಕಿಣ್ವದಿಂದ ಡಿಎಚ್‌ಟಿ ಅನ್ನೋ ಇನ್ನೊಂದು ಹಾರ್ಮೋನು ಆಗುತ್ತದೆ. ತಲೆಕೂದಲು ಉದುರೋದು, ಬೆನ್ನ ತುಂಬ ಮೊಡವೆ ಏಳೋದು ಅದರ ಕೆಲಸ.

ಎಲ್ಲ ಸ್ಟೀರಾಯ್ಡೂ ಎಸ್ಟ್ರೋಜನ್ ಆಗುವುದಿಲ್ಲ. ಸ್ಟಾನೋಜೊಲಾಲ್ ಆಗುವುದಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ ಸಿಕ್ಕಿಬಿದ್ದದ್ದು ಇದೇ ಔಷಧಿಯಲ್ಲಿ. ಟ್ರೆನ್ಬೊಲೋನ್ ಕೂಡ ಎಸ್ಟ್ರೋಜನ್ ಆಗುವುದಿಲ್ಲ. ಅದು ಅಮೆರಿಕದಲ್ಲಿ ದನಗಳ ಮೈ ತುಂಬಿಸಲು ಬಳಸುವ ವಸ್ತು, ಮನುಷ್ಯರಿಗೆ ಅಂತ ಒಪ್ಪಿಗೆಯೇ ಇಲ್ಲ. ಡಯಾನಾಬಾಲ್ ಆಗುತ್ತದೆ, ಆದರೆ ಮಾಮೂಲಿ ಎಸ್ಟ್ರಡಯಾಲ್ ಆಗಿ ಅಲ್ಲ, ಅದರ ಮೀಥೈಲ್ ರೂಪಕ್ಕೆ. ಆ ರೂಪವನ್ನು ಲ್ಯಾಬಿನ ಮಾಮೂಲಿ ಇ2 ಕಿಟ್ ಸರಿಯಾಗಿ ಹಿಡಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಹೀಗೆ ಮೂರು ನಾಲ್ಕು ಔಷಧಿ ಸೇರಿಸಿ ತಗೊಳ್ಳುವವನು ಒಂದು ಇ2 ನಂಬರ್ ಇಟ್ಟುಕೊಂಡು ಏನನ್ನು ಬ್ಯಾಲೆನ್ಸ್ ಮಾಡುತ್ತಾನೆ?

ಈಗ ಮುಖ್ಯ ವಿಷಯ. ದೇಹ ತನ್ನ ಟೆಸ್ಟೋಸ್ಟೆರಾನ್ ತಾನೇ ಮಾಡಿಕೊಳ್ಳುವುದು ಮೆದುಳಿನ ಅಪ್ಪಣೆ ಮೇಲೆ. ಮೆದುಳಿನ ಕೆಳಗೆ ಪಿಟ್ಯುಟರಿ ಗ್ರಂಥಿ ಇದೆ. ಅದು ಎಲ್‌ಎಚ್, ಎಫ್‌ಎಸ್‌ಎಚ್ ಅಂತ ಎರಡು ಹಾರ್ಮೋನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ಬಂದರೆ ವೃಷಣ ಟೆಸ್ಟೋಸ್ಟೆರಾನ್ ಮಾಡುತ್ತದೆ. ವೀರ್ಯಾಣು ತಯಾರಾಗಲು ಎಫ್‌ಎಸ್‌ಎಚ್ ಬೇಕು. ರಕ್ತದಲ್ಲಿ ಸಾಕಷ್ಟು ಇದೆ ಅಂತ ಗೊತ್ತಾದರೆ ಮೇಲಿರುವ ಮೆದುಳು, ಪಿಟ್ಯುಟರಿ ಎರಡೂ ಸುಮ್ಮನಾಗುತ್ತವೆ. ಮನೆಯ ಟ್ಯಾಂಕಿಗೆ ಆಟೋಮ್ಯಾಟಿಕ್ ಮೋಟಾರ್ ಹಾಕಿಸಿರುತ್ತೇವಲ್ಲ, ಹಾಗೆ. ಟ್ಯಾಂಕರ್ ನೀರು ತರಿಸಿ ದಿನಾ ಟ್ಯಾಂಕ್ ತುಂಬಿಸುತ್ತಾ ಇದ್ದರೆ ಮೋಟಾರ್ ಆನ್ ಆಗುವುದೇ ಇಲ್ಲ, ತಿಂಗಳುಗಟ್ಟಲೆ ಓಡದೆ ಬಿದ್ದ ಮೋಟಾರ್ ಆಮೇಲೆ ಸ್ವಿಚ್ ಹಾಕಿದ ತಕ್ಷಣ ಎದ್ದು ನೀರು ಎತ್ತುತ್ತದೆ ಅಂತಲೂ ಇಲ್ಲ.

ಯಾರೊಬ್ಬರ ರಿಪೋರ್ಟನ್ನೂ ನಾನು ಇಲ್ಲಿ ಹಾಕುವುದಿಲ್ಲ. ಆದರೆ ಕೋರ್ಸ್ ನಡುವೆ ಇರುವವರ ರಿಪೋರ್ಟ್ ಸಾಮಾನ್ಯವಾಗಿ ಹೇಗಿರುತ್ತದೆ ಹೇಳುತ್ತೇನೆ. ಮೇಲಿನ ಸಾಲಿನಲ್ಲಿ ಟೆಸ್ಟೋಸ್ಟೆರಾನ್ 1500ಕ್ಕಿಂತ ಜಾಸ್ತಿ ಅಂತ ಮಾತ್ರ ಬರುತ್ತದೆ, ಯಾಕೆಂದರೆ ಮಶೀನ್ ಅಲ್ಲಿಂದ ಮುಂದೆ ಎಣಿಸುವುದಿಲ್ಲ. ಮಾಮೂಲಿ ಗಂಡಸಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 300ರಿಂದ 1000 ನ್ಯಾನೋಗ್ರಾಂ. ಅದರ ಕೆಳಗೆ ಎಸ್ಟ್ರಡಯಾಲ್ 30 ಪಿಕೋಗ್ರಾಂ ಆಸುಪಾಸು, ಗಂಡಸರ ಮಿತಿಯೊಳಗೇ ಇದೆ, ದಪ್ಪ ಅಕ್ಷರ ಇಲ್ಲ. ಹುಡುಗ ಇದನ್ನು ನೋಡಿ ಮೊಬೈಲ್‌ನಲ್ಲಿ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾನೆ, ಆ ಕಡೆಯಿಂದ ಬೆಂಕಿ ಎಮೋಜಿ ಬರುತ್ತದೆ. ಇನ್ನೂ ಕೆಳಗೆ ಎರಡು ಸಾಲು ಇರುತ್ತದೆ, ಪೂರ್ತಿ ಪ್ಯಾಕೇಜ್ ಮಾಡಿಸಿದ್ದರೆ. ಎಲ್‌ಎಚ್ 0.1ಕ್ಕಿಂತ ಕಮ್ಮಿ. ಎಫ್‌ಎಸ್‌ಎಚ್ 0.1ಕ್ಕಿಂತ ಕಮ್ಮಿ. ಇವು ಮಾಮೂಲಿಯಾಗಿ ಒಂದೂವರೆಯಿಂದ ಒಂಬತ್ತು ಹತ್ತರ ತನಕ ಇರಬೇಕಾದವು. ಇಲ್ಲಿ ಮಶೀನ್‌ಗೆ ಸಿಗದಷ್ಟು ಇಳಿದಿವೆ.

ಆ ಎರಡು ಸಾಲುಗಳೇ ನಿಜವಾದ ಸುದ್ದಿ. ಆ ಹುಡುಗನ ದೇಹ ಸ್ವಂತ ಟೆಸ್ಟೋಸ್ಟೆರಾನ್ ಮಾಡುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿದೆ. ಇ2 ಎಷ್ಟೇ ಚೆಂದ ಇದ್ದರೂ ಇದು ಬದಲಾಗುವುದಿಲ್ಲ. ಎಸ್ಟ್ರೋಜನ್ ಇಳಿಸಿದರೆ ಎಲ್‌ಎಚ್ ಏರುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ಸ್ಟೀರಾಯ್ಡ್ ತಗೊಳ್ಳದ ಗಂಡಸಿನಲ್ಲಿ ಅದು ನಿಜ ಕೂಡ. ಆದರೆ ಹೊರಗಿನ ಟೆಸ್ಟೋಸ್ಟೆರಾನ್ ಇಷ್ಟೊಂದು ಇರುವಾಗ ಅದೇ ಪಿಟ್ಯುಟರಿಯನ್ನು ಒತ್ತಿ ಹಿಡಿದಿರುತ್ತದೆ. ಎಸ್ಟ್ರೋಜನ್ ಇಳಿಸಲು ಹುಡುಗರು ನುಂಗುವ ಮಾತ್ರೆಯಿಂದ ಬದಲಾಗುವುದು ರಿಪೋರ್ಟಿನ ಒಂದು ಸಾಲು ಮಾತ್ರ.

ಹಾಗಾದರೆ ಆ ಮಾತ್ರೆ ಯಾವುದು? ಅನಾಸ್ಟ್ರೊಜೋಲ್, ಲೆಟ್ರೊಜೋಲ್. ಅರೋಮಟೇಸ್ ಕಿಣ್ವವನ್ನು ತಡೆಯುವ ಮಾತ್ರೆಗಳು. ಜಿಮ್‌ನಲ್ಲಿ 'ಎಐ' ಅಂತಾರೆ. ಇವು ಮುಖ್ಯವಾಗಿ ಮುಟ್ಟು ನಿಂತ ಮೇಲೆ ಸ್ತನ ಕ್ಯಾನ್ಸರ್ ಬಂದ ಹೆಂಗಸರಿಗಾಗಿ ಬಂದ ಔಷಧಿಗಳು. ಆ ತಾಯಂದಿರಿಗೆ ಇದನ್ನು ಬರೆದು ಕೊಡುವಾಗ ಡಾಕ್ಟರ್ ಮೂಳೆ ಗಟ್ಟಿ ಇದೆಯಾ ಅಂತ ಸ್ಕ್ಯಾನ್ ಮಾಡಿಸುತ್ತಾರೆ, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಾರೆ, ಕೀಲು ನೋವು ಬಂತಾ ಅಂತ ಪ್ರತಿ ಸಲ ಕೇಳುತ್ತಾರೆ. ನಮ್ಮ ಹುಡುಗ ಅದೇ ಮಾತ್ರೆಯನ್ನು ಬೆಂಚ್ ಪ್ರೆಸ್ ಪಕ್ಕ ನಿಂತು, ನೀರಿನ ಜೊತೆ, ಅಂದಾಜಿನ ಮೇಲೆ ನುಂಗುತ್ತಾನೆ.

ಗಂಡಸಿಗೆ ಎಸ್ಟ್ರೋಜನ್ ಬೇಕೇ ಬೇಕು. ಇದನ್ನು ನಾನು ಎಷ್ಟು ಸಲ ಹೇಳಿದರೂ ಹುಡುಗರಿಗೆ ನಂಬಿಕೆ ಬರುವುದಿಲ್ಲ. 1994ರಲ್ಲಿ ಅಮೆರಿಕದ ವೈದ್ಯರು ಒಬ್ಬ 28 ವರ್ಷದ ಗಂಡಸಿನ ಬಗ್ಗೆ ಬರೆದರು. ಅವನ ಟೆಸ್ಟೋಸ್ಟೆರಾನ್ ಮಾಮೂಲಿ ಇತ್ತು. ಎಸ್ಟ್ರೋಜನ್ ಕೂಡ ರಕ್ತದಲ್ಲಿ ಇತ್ತು, ಆದರೆ ಹುಟ್ಟಿನಿಂದ ಬಂದ ಒಂದು ದೋಷದಿಂದ ಅವನ ಜೀವಕೋಶಗಳಿಗೆ ಎಸ್ಟ್ರೋಜನ್ ತಟ್ಟುತ್ತಲೇ ಇರಲಿಲ್ಲ. ಅವನ ಎತ್ತರ 204 ಸೆಂಟಿಮೀಟರ್. ಆ ವಯಸ್ಸಿನಲ್ಲೂ ಬೆಳೆಯುತ್ತಲೇ ಇದ್ದ, ಮೂಳೆಯ ತುದಿಗಳು ಇನ್ನೂ ಮುಚ್ಚಿಕೊಂಡಿರಲಿಲ್ಲ. ಮೂಳೆಗಳು ಮಾತ್ರ ವಯಸ್ಸಾದವರ ಹಾಗೆ ಟೊಳ್ಳು. ಗಂಡಸಿನ ಮೂಳೆಯನ್ನು ಗಟ್ಟಿ ಮಾಡುವುದು ಟೆಸ್ಟೋಸ್ಟೆರಾನ್ ಒಂದೇ ಅಂತ ಅಂದುಕೊಂಡಿದ್ದವರಿಗೆ ಅಂದೇ ಉತ್ತರ ಸಿಕ್ಕಿತ್ತು.

ಇನ್ನೊಂದು ದೊಡ್ಡ ಪ್ರಯೋಗ ಬಾಸ್ಟನ್ ನಗರದ್ದು, 2013ರಲ್ಲಿ ಪ್ರಕಟವಾಯಿತು. 20ರಿಂದ 50 ವಯಸ್ಸಿನ ಸುಮಾರು 400 ಆರೋಗ್ಯವಂತ ಗಂಡಸರು. ಅವರ ಸ್ವಂತ ಹಾರ್ಮೋನನ್ನು ಔಷಧಿ ಕೊಟ್ಟು ನಿಲ್ಲಿಸಿ, ಟೆಸ್ಟೋಸ್ಟೆರಾನ್ ಜೆಲ್ ಅನ್ನು ಬೇರೆ ಬೇರೆ ಅಳತೆಯಲ್ಲಿ 16 ವಾರ ಕೊಟ್ಟರು. ಅರ್ಧದಷ್ಟು ಜನರಿಗೆ ಜೊತೆಗೆ ಅನಾಸ್ಟ್ರೊಜೋಲ್ ಕೊಟ್ಟು ಎಸ್ಟ್ರೋಜನ್ ಆಗದ ಹಾಗೆ ತಡೆದರು. ಸ್ನಾಯು ಮತ್ತು ಶಕ್ತಿ ಟೆಸ್ಟೋಸ್ಟೆರಾನ್ ಮೇಲೆ ನಿಂತಿತ್ತು, ಸರಿ. ಆದರೆ ಮೈಯಲ್ಲಿ ಕೊಬ್ಬು ಸೇರಿಕೊಂಡದ್ದು ಮುಖ್ಯವಾಗಿ ಎಸ್ಟ್ರೋಜನ್ ಕಮ್ಮಿಯಾಗಿದ್ದರಿಂದ! ಕಾಮಾಸಕ್ತಿಗೆ ಎರಡೂ ಬೇಕಿತ್ತು. ಕಟಿಂಗ್ ಹೊತ್ತಿನಲ್ಲಿ, ಅಂದರೆ ಮೈಯ ಕೊಬ್ಬು ಇಳಿಸುವಾಗ, ಎಸ್ಟ್ರೋಜನ್ ಸೊನ್ನೆ ಮಾಡಿದರೆ ಮೈ ಗಟ್ಟಿಯಾಗಿ ಕಾಣುತ್ತದೆ ಅಂತ ಹೇಳುವವರು ಈ ಪ್ರಯೋಗವನ್ನು ಒಮ್ಮೆ ಓದಬೇಕು.

ಇಲ್ಲಿ ಇನ್ನೊಂದು ತೊಡಕು ಇದೆ. ಎಸ್ಟ್ರೋಜನ್ ಜಾಸ್ತಿಯಾದರೂ ಕಮ್ಮಿಯಾದರೂ ಕೆಲವು ಲಕ್ಷಣ ಒಂದೇ ತರ. ಸುಸ್ತು, ಸಿಡುಕು, ಆಸಕ್ತಿ ಇಲ್ಲದಿರುವುದು, ನಿಮಿರುವಿಕೆಯ ತೊಂದರೆ. ಎಸ್ಟ್ರೋಜನ್ ಇಳಿದು ಮಂಡಿ, ಭುಜ ನೋಯುತ್ತಿರುವವನು 'ಇ2 ಏರಿರಬೇಕು' ಅಂತ ಇನ್ನೊಂದು ಮಾತ್ರೆ ತಗೊಳ್ಳುತ್ತಾನೆ, ನೋವು ಇನ್ನೂ ಜಾಸ್ತಿಯಾಗುತ್ತದೆ, ಆಮೇಲೆ ನೋವಿಗೆ ಬೇರೆ ಮಾತ್ರೆ.

ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದಲ್ಲ ಅಂತೀರಾ? ಲ್ಯಾಬಿನವನಾಗಿ ಹೇಳುತ್ತೇನೆ, ಅದೂ ಅಷ್ಟು ಸುಲಭ ಇಲ್ಲ. ಹೆಚ್ಚಿನ ಲ್ಯಾಬ್‌ಗಳ ಎಸ್ಟ್ರಡಯಾಲ್ ಟೆಸ್ಟ್ ಇಮ್ಯುನೊಅಸ್ಸೇ (ಆ್ಯಂಟಿಬಾಡಿ ಬಳಸಿ ಅಳೆಯುವ) ವಿಧಾನದ್ದು. ಹೆಂಗಸರಲ್ಲಿ ಇರುವ ನೂರಾರು ಪಿಕೋಗ್ರಾಂ ಅಳೆಯಲು ಅದು ಚೆನ್ನಾಗಿದೆ. ಗಂಡಸರ ಹತ್ತು ಇಪ್ಪತ್ತರ ಲೆಕ್ಕಕ್ಕೆ ಬಂದಾಗ ಅದರ ನಂಬರ್ ತುಂಬ ಆಚೀಚೆ ಆಗುತ್ತದೆ. ಆ ಮಟ್ಟದಲ್ಲಿ ನಂಬಬಹುದಾದದ್ದು ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ. ಅದಕ್ಕೆ ಖರ್ಚು ಜಾಸ್ತಿ, ಸ್ಯಾಂಪಲ್ ಸಾಮಾನ್ಯವಾಗಿ ದೊಡ್ಡ ಲ್ಯಾಬ್‌ಗೆ ಹೋಗಬೇಕು. ಆಮೇಲೆ ಬಯೋಟಿನ್. ಕೂದಲು ಉದುರುತ್ತದೆ ಅಂತ ಜಿಮ್ ಹುಡುಗರು ದಿನಾ ಬಯೋಟಿನ್ ಮಾತ್ರೆ ತಿನ್ನುತ್ತಾರೆ. ಬಯೋಟಿನ್ ಬಳಸಿಯೇ ಕೆಲಸ ಮಾಡುವ ಕೆಲವು ಕಿಟ್‌ಗಳಲ್ಲಿ ಇದರಿಂದ ಟೆಸ್ಟೋಸ್ಟೆರಾನ್, ಎಸ್ಟ್ರಡಯಾಲ್ ಸುಳ್ಳೇ ಜಾಸ್ತಿ ತೋರಿಸುತ್ತದೆ, ಎಲ್‌ಎಚ್, ಎಫ್‌ಎಸ್‌ಎಚ್, ಥೈರಾಯ್ಡಿನ ಟಿಎಸ್‌ಎಚ್ ಸುಳ್ಳೇ ಕಮ್ಮಿ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಅಂದರೆ ಸ್ಟೀರಾಯ್ಡ್ ಮುಟ್ಟದ ಹುಡುಗನ ರಿಪೋರ್ಟ್ ಕೂಡ ಸ್ಟೀರಾಯ್ಡ್ ತಗೊಂಡವನ ಹಾಗೆ ಕಾಣಬಹುದು. ಸ್ಯಾಂಪಲ್ ಕೊಡುವ ಎರಡು ಮೂರು ದಿನ ಮೊದಲೇ ಬಯೋಟಿನ್ ನಿಲ್ಲಿಸಿ, ಕೌಂಟರ್‌ನಲ್ಲೂ ಹೇಳಿ. ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ಬನ್ನಿ, ಟೆಸ್ಟೋಸ್ಟೆರಾನ್ ಬೆಳಿಗ್ಗೆ ಏರಿ ಸಂಜೆಗೆ ಇಳಿಯುವ ಹಾರ್ಮೋನು. ಇಂಜೆಕ್ಷನ್ ತಗೊಂಡವರಿಗಂತೂ ಯಾವ ದಿನ ಚುಚ್ಚಿಸಿಕೊಂಡರು ಅನ್ನೋದರ ಮೇಲೆ ನಂಬರ್ ಪೂರ್ತಿ ಬೇರೆಯೇ ಬರುತ್ತದೆ.

ಗೈನೋ ಬಗ್ಗೆ ಒಂದು ಮಾತು. ಮೊಲೆತೊಟ್ಟಿನ ಕೆಳಗೆ ಗಂಟು, ಮುಟ್ಟಿದರೆ ನೋವು, ಅಂಗಿ ತಾಗಿದರೂ ಉರಿ. ಅದು ಕೊಬ್ಬಲ್ಲ, ಗ್ರಂಥಿಯೇ ಬೆಳೆದಿರುತ್ತದೆ. ಹೊಸದಾಗಿ ಬಂದಾಗ ತೋರಿಸಿದರೆ ಡಾಕ್ಟರ್ ಏನಾದರೂ ಮಾಡಬಹುದು. ವರ್ಷದ ಮೇಲಾಗಿ ಗಂಟು ನಾರಾಗಿಬಿಟ್ಟರೆ ಯಾವ ಮಾತ್ರೆಗೂ ಕರಗುವುದಿಲ್ಲ, ಆಪರೇಷನ್ ಒಂದೇ ದಾರಿ. ನಾಚಿಕೆಯಿಂದ ಒಂದು ವರ್ಷ ಬನಿಯನ್ ಮೇಲೆ ಬಿಗಿ ಟೀ ಶರ್ಟ್ ಹಾಕಿಕೊಂಡು ತಿರುಗುವ ಹುಡುಗರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ತೋರಿಸಿ.

ನನಗೆ ಎಲ್ಲಕ್ಕಿಂತ ಸಂಕಟ ಆಗುವುದು ಮದುವೆ ಆದಮೇಲಿನ ಕಥೆಗಳಿಂದ. ವಿಶ್ವ ಆರೋಗ್ಯ ಸಂಸ್ಥೆ ಗಂಡಸರಿಗೆ ಗರ್ಭನಿರೋಧಕ ಹುಡುಕುವಾಗ ಯಾವ ಔಷಧಿ ಇಟ್ಟುಕೊಂಡು ಪ್ರಯೋಗ ಮಾಡಿತು ಗೊತ್ತಾ? ಟೆಸ್ಟೋಸ್ಟೆರಾನ್ ಇಂಜೆಕ್ಷನ್. ವಾರಕ್ಕೊಂದು ಇಂಜೆಕ್ಷನ್, ಹಲವು ದೇಶಗಳ ಗಂಡಸರು, 1990ರಲ್ಲಿ ಫಲಿತಾಂಶ ಬಂತು. ಕೆಲವೇ ತಿಂಗಳಲ್ಲಿ ಬಹಳ ಜನರ ವೀರ್ಯಾಣು ಸಂಖ್ಯೆ ಸೊನ್ನೆಗೆ ಇಳಿದಿತ್ತು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ತುಂಬಿ ತುಳುಕುತ್ತಿದ್ದರೂ ಹೀಗೆ ಯಾಕೆ ಅಂದರೆ, ವೀರ್ಯಾಣು ತಯಾರಾಗಲು ವೃಷಣದ ಒಳಗೇ ರಕ್ತಕ್ಕಿಂತ ಹಲವು ಹತ್ತು ಪಟ್ಟು ಟೆಸ್ಟೋಸ್ಟೆರಾನ್ ಬೇಕು. ಅದು ಅಲ್ಲೇ ತಯಾರಾದರೆ ಮಾತ್ರ ಸಿಗುತ್ತದೆ, ಸೂಜಿಯಿಂದ ಅಲ್ಲಿಗೆ ಅಷ್ಟು ಮುಟ್ಟುವುದಿಲ್ಲ. ಎಲ್‌ಎಚ್ ಇಲ್ಲದಿದ್ದರೆ ಅಲ್ಲಿ ತಯಾರಾಗುವುದೇ ನಿಲ್ಲುತ್ತದೆ. ವೃಷಣ ಚಿಕ್ಕದಾಗುವುದೂ ಇದಕ್ಕೇ, ಅದರ ಹೆಚ್ಚಿನ ಭಾಗ ವೀರ್ಯಾಣು ಮಾಡುವ ನಾಳಗಳೇ. ಇ2 ಇಳಿಸುವ ಮಾತ್ರೆಗೂ ಇದಕ್ಕೂ ಸಂಬಂಧವೇ ಇಲ್ಲ.

ಆದರೆ ನಮ್ಮ ಕಡೆ ಏನಾಗುತ್ತದೆ? ಮದುವೆಯಾಗಿ ಒಂದೂವರೆ ವರ್ಷ ಆದರೂ ಮಗು ಆಗಲಿಲ್ಲ ಅಂದರೆ ಮೊದಲು ಸೊಸೆಯನ್ನು ಕರೆದುಕೊಂಡು ಬರುತ್ತಾರೆ. ಅವಳಿಗೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಥೈರಾಯ್ಡ್, ಮತ್ತೆ ಸ್ಕ್ಯಾನಿಂಗ್. ಅತ್ತೆ ದೇವರಿಗೆ ಹರಕೆ ಹೊರುತ್ತಾರೆ. ಗಂಡ ಹೊರಗೆ ಬೈಕ್ ಮೇಲೆ ಕೂತಿರುತ್ತಾನೆ, ತೋಳು ನೋಡಿದರೆ ಇವನಲ್ಲೇನಾದರೂ ಕೊರತೆ ಇರಬಹುದು ಅಂತ ಯಾರಿಗೂ ಅನ್ನಿಸುವುದಿಲ್ಲ. ಅವನ ವೀರ್ಯ ಪರೀಕ್ಷೆಗೆ ತಗಲುವುದು ಕೆಲವೇ ನೂರು ರೂಪಾಯಿ, ಸೂಜಿ ಕೂಡ ಚುಚ್ಚುವುದಿಲ್ಲ. ಅದನ್ನು ಮಾಡಿಸುವ ಹೊತ್ತಿಗೆ ಆ ಹುಡುಗಿ ಎಷ್ಟೋ ಮಾತು ಕೇಳಿ ಆಗಿರುತ್ತದೆ. ಕೋರ್ಸ್ ಮಾಡಿದ್ದೆ ಅಂತ ಗೊತ್ತಿದ್ದೂ ಸುಮ್ಮನಿರುವ ಗಂಡಸರಿಗೆ ನಾನು ನೇರವಾಗಿ ಹೇಳುತ್ತೇನೆ: ನಿಮ್ಮ ಹೆಂಡತಿಯ ಮೊದಲ ಟೆಸ್ಟ್‌ಗಿಂತ ಮುಂಚೆ ನಿಮ್ಮದು ಆಗಬೇಕು. ಒಳ್ಳೆಯ ಸುದ್ದಿಯೂ ಇದೆ. ನಿಲ್ಲಿಸಿದ ಮೇಲೆ ಬಹಳ ಜನರಿಗೆ ವೀರ್ಯಾಣು ವಾಪಸ್ ಬರುತ್ತದೆ. ಒಂದು ವೀರ್ಯಾಣು ತಯಾರಾಗಲು ಹೆಚ್ಚುಕಮ್ಮಿ ಎರಡೂವರೆ ತಿಂಗಳು ಬೇಕು, ಹಾಗಾಗಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಹಿಡಿಯಬಹುದು. ಕೆಲವರಿಗೆ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಯಾರು ಯಾವ ಗುಂಪಿಗೆ ಸೇರುತ್ತಾರೆ ಅಂತ ಮೊದಲೇ ಯಾರೂ ಹೇಳಲಾರರು.

ಎಸ್ಟ್ರೋಜನ್ ಗಲಾಟೆಯಲ್ಲಿ ಮರೆತೇ ಹೋಗುವ ಬೇರೆ ಸಾಲುಗಳೂ ಇವೆ. ಹೆಮಟೋಕ್ರಿಟ್, ಅಂದರೆ ರಕ್ತ ಎಷ್ಟು ಗಟ್ಟಿ ಇದೆ ಅನ್ನೋದು. ಡಾಕ್ಟರ್ ಕೊಡುವ ಟೆಸ್ಟೋಸ್ಟೆರಾನ್ ಚಿಕಿತ್ಸೆಯಲ್ಲೇ ಅದು ಶೇಕಡ 54 ದಾಟಿದರೆ ಔಷಧಿ ನಿಲ್ಲಿಸುತ್ತಾರೆ. ಒಳ್ಳೆಯ ಕೊಲೆಸ್ಟೆರಾಲ್ ಎಚ್‌ಡಿಎಲ್, ಬಾಯಲ್ಲಿ ತಗೊಳ್ಳುವ ಸ್ಟೀರಾಯ್ಡ್‌ನಿಂದ ತುಂಬ ಕೆಳಗೆ ಬೀಳುತ್ತದೆ. 2017ರಲ್ಲಿ ಅಮೆರಿಕದಲ್ಲಿ 140 ವೇಟ್‌ಲಿಫ್ಟರ್‌ಗಳ ಹೃದಯ ನೋಡಿದಾಗ ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡವರ ಹೃದಯ ರಕ್ತ ತಳ್ಳುವ ಶಕ್ತಿ, ತಗೊಳ್ಳದವರಿಗಿಂತ ಕಮ್ಮಿ ಇತ್ತು. ಇದಕ್ಕೆಲ್ಲ ಅನಾಸ್ಟ್ರೊಜೋಲ್ ಏನು ಮಾಡುತ್ತದೆ? ಏನೂ ಇಲ್ಲ.

ಈಗಾಗಲೇ ತಗೊಳ್ಳುತ್ತಿರುವವರು, ಅಥವಾ ನಿಲ್ಲಿಸಿ ಒದ್ದಾಡುತ್ತಿರುವವರು ಇದನ್ನು ಓದುತ್ತಿದ್ದರೆ, ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ಡಾಕ್ಟರ್ ಹತ್ತಿರ ಹೋಗಿ. ಮಗುವಿನ ಪ್ರಶ್ನೆ ಇದ್ದರೆ ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆ ನೋಡುವ ಡಾಕ್ಟರ್) ಅಥವಾ ಯುರಾಲಜಿಸ್ಟ್. ನಿಲ್ಲಿಸಿದ ಮೊದಲ ಕೆಲವು ತಿಂಗಳು ಕಷ್ಟವೇ. ಹೊರಗಿನದು ಖಾಲಿಯಾಗಿರುತ್ತದೆ, ಒಳಗಿನದು ಇನ್ನೂ ಶುರುವಾಗಿರುವುದಿಲ್ಲ. ನಿದ್ದೆ ಬರುವುದಿಲ್ಲ, ಏನೂ ಬೇಡ ಅನ್ನಿಸುತ್ತದೆ, ಕನ್ನಡಿ ನೋಡಲು ಮನಸ್ಸಿಲ್ಲ. ಬಹಳ ಹುಡುಗರು ಮತ್ತೆ ಸೂಜಿಗೆ ಕೈ ಹಾಕುವುದು ಇದೇ ಹೊತ್ತಿನಲ್ಲಿ. ಸಾಯಬೇಕು ಅನ್ನೋ ಯೋಚನೆ ಒಂದು ಸಲ ಬಂದರೂ ಅವತ್ತೇ ಮನೆಯವರಿಗೆ ಹೇಳಿ, ಡಾಕ್ಟರ್‌ಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ್ ಮುಂದೆ "ಬರೀ ಪ್ರೋಟೀನ್ ಪೌಡರ್ ಸರ್" ಅನ್ನಬೇಡಿ. ಏನು, ಎಷ್ಟು ದಿನ, ಕೊನೆಯ ಇಂಜೆಕ್ಷನ್ ಯಾವತ್ತು, ಎಐ ಯಾವುದು ನುಂಗಿದ್ದು, ಎಲ್ಲ ಹೇಳಿ. ವಯಲ್ ಇನ್ನೂ ಇದ್ದರೆ ಲೇಬಲ್ ಕಾಣುವ ಹಾಗೆ ಫೋಟೋ ತೆಗೆದುಕೊಂಡು ಹೋಗಿ. ಜಿಮ್‌ನಲ್ಲಿ ಸಿಗುವ ವಯಲ್ ಒಳಗೆ ಲೇಬಲ್‌ನಲ್ಲಿ ಬರೆದದ್ದೇ ಇರುತ್ತದೆ ಅಂತ ಇಲ್ಲ, ಆದರೂ ಡಾಕ್ಟರ್‌ಗೆ ಶುರು ಮಾಡಲು ಒಂದು ದಾರಿ ಸಿಗುತ್ತದೆ. ರಕ್ತ ಕೊಡುವಾಗ ಇ2 ಒಂದೇ ಬರೆಸಬೇಡಿ. ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಸಿಬಿಸಿ, ಲಿಪಿಡ್, ಲಿವರ್, ಕಿಡ್ನಿ ಎಲ್ಲ ಒಟ್ಟಿಗೆ ಆಗಲಿ. ಲಿವರ್ ಟೆಸ್ಟ್ ಇರುವುದರಿಂದ ಹಿಂದಿನ ಎರಡು ಮೂರು ದಿನ ಹೆವಿ ವರ್ಕೌಟ್ ಬೇಡ. ಲೆಗ್ ಡೇ ಮಾಡಿ ಮಾರನೇ ದಿನ ಬಂದರೆ ಲಿವರ್ ಟೆಸ್ಟಿನಲ್ಲಿ ಬರುವ ಎಸ್‌ಜಿಒಟಿ ಅನ್ನೋ ಕಿಣ್ವ ಸ್ನಾಯುವಿನಿಂದಲೇ ಏರಿರುತ್ತದೆ, ಲಿವರ್ ಹೋಯ್ತು ಅಂತ ನೀವು ಸುಮ್ನೆ ಹೆದರಿಕೊಳ್ಳುತ್ತೀರಿ.